ಹಳದಿ ಚೀಲದ ಕೊಪ್ಪಿ

ಮಳೆ ಅಂಗಿ ಕೊಳ್ಳಲು ಹೋದರೆ ನಾನು ಅಂಗಡಿಯವರಿಗೆ ಬೇಸರ ತರಿಸುತ್ತೇನೆ. ಮಡಿಕೆ ಬಿಚ್ಚಿಸುತ್ತೇನೆ, ತೋಳನ್ನು ಒಳಮಗ್ಗುಲಿಗೆ ತಿರುವಿ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿದ್ದಾರೋ ಇಲ್ಲವೋ ನೋಡುತ್ತೇನೆ, ಬಟ್ಟೆಯನ್ನು ಮುಷ್ಟಿಯಲ್ಲಿ ಹಿಚುಕಿ ಕಿವಿಯ ಹತ್ತಿರ ಹಿಡಿಯುತ್ತೇನೆ, ಕೊನೆಗೆ ಕುತ್ತಿಗೆಯ ಹತ್ತಿರ ಹೊಲಿದ ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಹೋದ ಮಳೆಗಾಲದ ಮುಂಚೆ ಸಿಂಧನೂರಿನ ಒಂದು ಅಂಗಡಿಯಲ್ಲಿ ಹೀಗೆಯೇ ಓದುತ್ತ ನಿಂತಿದ್ದೆ. ನನ್ನ ತಮ್ಮ ಅಮರೇಶ ಮಸ್ಕಿಯ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾನೆ, ನಮ್ಮಪ್ಪ ಹಿಡಿದ ಹಾಗೆಯೇ, ಹರಗೋಲಿನಲ್ಲಿ ಕುಕ್ಕರಗಾಲಲ್ಲಿ ಕೂತು. ಅವನಿಗೆ ಸೊಂಟದವರೆಗಿನ ಅಂಗಿ ಬೇಕಿತ್ತು, ಜಿಪ್ಪಿನ ಬದಲು ಟಿಚ್ ಬಟನ್ ಇರುವಂಥದು. ಹರಗೋಲು ಮಗುಚಿದರೆ ಒಂದೇ ಎಳೆತಕ್ಕೆ ಮೈಯಿಂದ ಬಿಚ್ಚಿ ಹೋಗಬೇಕು. ಅಂಗಡಿಯವನಿಗೆ ಇದೆಲ್ಲ ಬೇಕಾಗಿರಲಿಲ್ಲ.

"ಮೇಡಂ, ವಾಟರ್‌ಪ್ರೂಫ್ ಅಂತ ದೊಡ್ಡ ಅಕ್ಷರದಾಗ ಬರದಾರಲ್ರಿ. ಮತ್ತೇನ್ ಹುಡುಕಾಕತ್ತೀರಿ?"

"ಸಣ್ಣ ಅಕ್ಷರದಾಗ ಏನ್ ಬರದಾರ ನೋಡಾಕತ್ತೀನ್ರಿ."

"ಟೀಚರ್ ಏನ್ರಿ ನೀವು?"

"ಹೌದ್ರಿ."

"ಅದಕ್ಕ ಮತ್ತ."

ಅವನು ನಕ್ಕ, ನಾನೂ ನಕ್ಕೆ. ಟೀಚರ್ ಆದದ್ದಕ್ಕೆ ಹೀಗೆ ಓದುವುದಲ್ಲ ಎಂದು ಅವನಿಗೆ ಹೇಳಲಿಲ್ಲ. ಆವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಕೈ ನನ್ನದು. ಬಿ.ಎ. ಮುಗಿಸಿದ ಮೊದಲನೆಯವಳೂ ನಾನೇ, ಎಂ.ಎ. ಮುಗಿಸಿದವಳೂ ನಾನೇ, ಲಿಂಗಸುಗೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಇದನ್ನು ಬಾಯಿ ತುಂಬ ಹೇಳಿಕೊಂಡಿದ್ದೇನೆ, ಹೇಳಿಕೊಳ್ಳುವ ಹಕ್ಕೂ ನನಗಿದೆ. ಆದರೆ ಓದು ನಮ್ಮ ಹೊಸ್ತಿಲು ದಾಟಿ ಬಂದಾಗ ಮೊದಲು ಏನನ್ನು ತಂದಿತು ಅನ್ನುವುದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಅರ್ಧ ಸುಳ್ಳಾಗುತ್ತದೆ.

ನಮ್ಮ ಊರು ಮಸ್ಕಿಗೂ ಬಳಗಾನೂರಿಗೂ ನಡುವೆ, ಕಾಲುವೆ ನೀರು ಒಂದು ಮಗ್ಗುಲಿಗೆ ಬಂದು ಇನ್ನೊಂದು ಮಗ್ಗುಲಿಗೆ ಬಾರದ ಜಾಗದಲ್ಲಿದೆ. ಮನೆ ಮಣ್ಣಿನ ಮಾಳಿಗೆಯದು. ಒಂದು ಪಡಸಾಲೆ, ಒಂದು ಅಡುಗೆಮನೆ, ಎರಡರ ನಡುವೆ ಗೂಟಗಳ ಒಂದು ಗೋಡೆ. ಗೂಟಕ್ಕೆ ಬಲೆ, ಬಲೆಯ ಕೆಳಗೆ ನಾವು. ಬಟ್ಟೆಗೆ, ಹಾಸಿಗೆಗೆ, ನನ್ನ ಪಾಟಿಚೀಲಕ್ಕೆ ಕೂಡ ಮೀನಿನ ವಾಸನೆ. ಮಳೆ ಬಂದರೆ ಮಾಳಿಗೆ ನಾಲ್ಕು ಕಡೆ ಸೋರುತ್ತಿತ್ತು. ಎಲ್ಲಿ ತಂಬಿಗೆ, ಎಲ್ಲಿ ಪರಾತ ಇಡಬೇಕು ಅನ್ನುವುದು ಅಂಬೆಗಾಲಿಡುವ ಅಮರೇಶನಿಗೂ ಗೊತ್ತಿತ್ತು. ನಮ್ಮ ಕಡೆ ತಾಯಿಗೆ ಅವ್ವ ಅನ್ನುತ್ತೇವೆ, ಅಪ್ಪನ ತಾಯಿಗೆ ಅಮ್ಮ. ಅವ್ವ ಸೋರುವ ಮನೆಯ ನಡುವೆ ಕೂತು, ಊರಿನಲ್ಲಿ ಯಾರೂ ಹೊಲಿಯಲಾರದಂಥ ಸೋರದ ಕೊಪ್ಪಿ ಹೊಲಿಯುತ್ತಿದ್ದಳು. ಇದು ಅಮ್ಮನಿಗೆ ದಿನಾಲೂ ಸಿಗುವ ಮಾತಾಗಿತ್ತು.

"ಮನಿ ತೊಯ್ಸಿ ಮಂದಿ ತಲಿ ಕಾಯಾಕತ್ತಾಳ ನೋಡು ನನ್ನ ಸೊಸಿ."

ಕೊಪ್ಪಿ ಅಂದರೆ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ಮಾಡುವ ಮಳೆಯ ಮುಸುಕು. ತಲೆಯ ಮೇಲೆ ಕೂತು ಬೆನ್ನಿನ ಉದ್ದಕ್ಕೂ ಇಳಿಯುತ್ತದೆ. ಹೊಲಕ್ಕೆ ಹೋಗುವವರಿಗೆ ಎಂಥದಾದರೂ ನಡೆಯುತ್ತದೆ, ಮಳೆ ಜೋರಾದರೆ ಗಿಡದ ಬುಡಕ್ಕೆ ಓಡುತ್ತಾರೆ. ಮೀನು ಹಿಡಿಯುವವನಿಗೆ ಓಡಲು ಜಾಗವಿಲ್ಲ. ನಮ್ಮದು ಮಳೆ ಕಡಿಮೆಯ ಸೀಮೆ. ಬಂದ ದಿನ ಮಾತ್ರ ಹಳ್ಳದ ಹೊಸ ನೀರು ಡ್ಯಾಮಿಗೆ ಇಳಿಯುತ್ತದೆ, ಮೀನು ಅದಕ್ಕೆ ಎದುರಾಗಿ ಏರುತ್ತದೆ. ಹುಬ್ಬಿ ಮಳೆ ಜಿಟಿಜಿಟಿ ಹಿಡಿಯಿತೆಂದರೆ ಬೆಳಗಿನಿಂದ ಸಂಜೆಯವರೆಗೆ ಅಪ್ಪ ನೀರಿನ ನಡುವೆ, ನೀರಿನ ಕೆಳಗೆ. ಅವನ ಕೊಪ್ಪಿ ಹಗುರ ಇರಬೇಕು, ಎರಡೂ ಕೈ ಬಿಡುವಾಗಿರಬೇಕು, ಕೊರಳಿಗೆ ದಾರ ಕಟ್ಟಿರಬಾರದು. ಇನ್ನೊಂದು ಕೆಲಸವೂ ಅದಕ್ಕಿತ್ತು. ನೆತ್ತಿಯ ಮೇಲೆ ಎರಡು ಮೂಲೆ ಕೂಡುವ ಮಡಿಕೆಯಲ್ಲಿ ಅಪ್ಪ ತನ್ನ ರೊಟ್ಟಿಯ ಗಂಟು ಮತ್ತು ಬೀಡಿ ಕಟ್ಟು ಇಟ್ಟುಕೊಳ್ಳುತ್ತಿದ್ದ. ಇಡೀ ಹರಗೋಲಿನಲ್ಲಿ ಒಣಗಿದ ಜಾಗ ಅದೊಂದೇ.

ಅವ್ವ ಈ ಹೊಲಿಗೆಯನ್ನು ತವರುಮನೆ ಸಾಲಗುಂದದಿಂದ ತಂದಿದ್ದಳು. ಯೂರಿಯಾ ಚೀಲವನ್ನು ಹಳ್ಳದಲ್ಲಿ ತೊಳೆದು, ಬಿಸಿಲಿಗೆ ಎತ್ತಿ ಹಿಡಿದು ಸೂಜಿಗಣ್ಣಿನಷ್ಟು ತೂತು ಇದ್ದರೂ ಬೇರೆ ಇಡುತ್ತಿದ್ದಳು. ಎರಡು ಚೀಲದ ಅಂಚನ್ನು ಮಡಚಿ ಮಡಚಿ ದಬ್ಬಳದಿಂದ ಹೊಲಿದು, ಹೊಲಿಗೆಯ ಉದ್ದಕ್ಕೂ ಮೇಣದಬತ್ತಿ ಕರಗಿಸಿ ಹನಿಸಿ, ಹೆಬ್ಬೆರಳಿನಿಂದ ತಿಕ್ಕುತ್ತಿದ್ದಳು. ಮಳೆಗಾಲದ ಮುಂಚೆ ಊರಿನ ಗಂಡಸರು ಚೀಲ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಅವರ ಮುಂದೆ ಅವ್ವ ತಲೆ ಎತ್ತುತ್ತಿರಲಿಲ್ಲ, ಆದರೆ ಚೀಲ ತಿರುವಿ ನೋಡಿ "ಇದು ಬ್ಯಾಡ, ಬ್ಯಾರೆ ತರ್ರಿ" ಅನ್ನುವಾಗ ಅವಳ ದನಿ ಪಂಚರ ದನಿಯ ಹಾಗೆ ಇರುತ್ತಿತ್ತು. ಅಮ್ಮನಿಗೆ ಸಹಿಸದೇ ಹೋದದ್ದು ಇದೇ ಇರಬೇಕು. ಅವಳ ಕಾಲದಲ್ಲಿ ಕೊಪ್ಪಿ ಅಂದರೆ ಕಂಬಳಿಯದು.

"ಕುರಿ ಮೈಮ್ಯಾಲ ಹುಟ್ಟಿದ್ದು ಮನಷ್ಯಾನ ಮೈಗೆ ಹೊಂದತೈತಿ. ಗೊಬ್ಬರ ತುಂಬಿದ್ದು ಹೊಲಕ್ಕ ಹೊಂದತೈತಿ."

"ಕುರಿ ಹರಗೋಲದಾಗ ಕುಂದರತೈತೇನ್ರಿ ಅತ್ತಿ? ತೊಯ್ದ ಕಂಬಳಿ ಒಂದ ಕುರಿಯಷ್ಟ ಭಾರ ಆಗತೈತಿ."

"ನೀವಿಬ್ರೂ ಜಗಳಾ ಮುಗಸೂತನ ಮಳಿನ ನಿಂತಿರತೈತಿ" ಎಂದು ಅಪ್ಪ ಎದ್ದು ಹೋಗುತ್ತಿದ್ದ.

ಆದರೆ ಕೊಪ್ಪಿಯ ಪರೀಕ್ಷೆ ಮಾತ್ರ ಅಮ್ಮನದು. ಅದನ್ನು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಲೆಯ ಬೂದಿಯನ್ನು ಸೋಸಿ, ಪಡಸಾಲೆಯ ನೆಲದ ಮೇಲೆ ಮೊರದಗಲ ತೆಳ್ಳಗೆ ಹರವುವಳು. ಅದರ ಮೇಲೆ ಹೊಸ ಕೊಪ್ಪಿಯನ್ನು ತಲೆಕೆಳಗಾಗಿ ಜಂತಿಗೆ ಕಟ್ಟಿ, ಒಳಗೆ ಎರಡು ಕೊಡ ನೀರು ಸುರಿಸುವಳು. ಬೆಳಗಿನ ರೊಟ್ಟಿ ಆದ ಮೇಲೆ ಕಟ್ಟಿದರೆ ಎಮ್ಮೆ ಮನೆಗೆ ಬರುವವರೆಗೆ ಹಾಗೆಯೇ. ಆಮೇಲೆ ಅಮ್ಮ ಕುಕ್ಕರಗಾಲಲ್ಲಿ ಕೂತು, ಒಂದು ಕೆನ್ನೆಯನ್ನು ನೆಲಕ್ಕೆ ತಾಗಿಸುವ ಹಾಗೆ ಬಾಗಿ ಬೂದಿಯನ್ನು ನೋಡುವಳು. ಒಂದೇ ಒಂದು ಹನಿ ಬಿದ್ದಿದ್ದರೂ ಇರುವೆ ಗೂಡಿನ ಬಾಯಿಯಂಥ ಕುಳಿ ಮೂಡಿರುತ್ತಿತ್ತು. ಕುಳಿ ಕಂಡರೆ ಅವಳ ಮುಖ ಅರಳುವುದು. ಕಾಣದಿದ್ದರೆ ಏನೂ ಮಾತಾಡದೆ ಬೂದಿ ಬಳಿದು ತಿಪ್ಪೆಗೆ ಒಯ್ಯುವಳು. ಅವ್ವನಿಗೆ ಆ ಮನೆಯಲ್ಲಿ ಸಿಗುತ್ತಿದ್ದ ಮೆಚ್ಚುಗೆ ಅಂದರೆ ಆ ಮೌನ ಒಂದೇ.

ನಾನು ಐದನೆಯ ಕ್ಲಾಸಿನಲ್ಲಿದ್ದೆ. ಆಗ ಇಂಗ್ಲಿಷ್ ಶುರುವಾಗುತ್ತಿದ್ದುದು ಐದರಿಂದ. ಎಬಿಸಿಡಿ ಕಲಿತು ಎರಡು ತಿಂಗಳಾಗಿತ್ತು. ಅದಾಗಲೇ ನಾನು ಮನೆಯ ಕಣ್ಣಾಗಿಬಿಟ್ಟಿದ್ದೆ. ಬಸ್ಸಿನ ಬೋರ್ಡು, ಕಡ್ಡಿಪೆಟ್ಟಿಗೆ, ಬೀಡಿ ಕಟ್ಟಿನ ಕಾಗದ, ಏನು ಸಿಕ್ಕರೂ ಗಟ್ಟಿಯಾಗಿ ಓದುತ್ತಿದ್ದೆ. ಓದಿದಾಗಲೆಲ್ಲ ಅಮ್ಮ ನನ್ನ ರೊಟ್ಟಿಗೆ ಒಣಮೀನಿನ ಚಟ್ನಿಯನ್ನು ಇನ್ನೊಂದು ಬೆರಳು ಹೆಚ್ಚಿಗೆ ಹಚ್ಚುತ್ತಿದ್ದಳು. ಅರ್ಥ ಗೊತ್ತಿಲ್ಲದ್ದಕ್ಕೆ ಅರ್ಥ ಕಟ್ಟಿ ಹೇಳುವುದನ್ನೂ ಕಲಿತಿದ್ದೆ. ಯಾರು ಬಂದು ತಪ್ಪು ಅನ್ನಬೇಕಿತ್ತು?

ಆ ವರ್ಷ ಅಪ್ಪ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿಗೆ ಮೀನು ಕೊಡಲು ಹೋದವನು ನಾಲ್ಕು ಚೀಲ ತಂದ. ಎರಡು ಯಾವಾಗಲೂ ನೋಡುವ ಬಿಳಿಯವು. ಇನ್ನೆರಡು ಹಳದಿ, ದಪ್ಪ, ಎಮ್ಮೆಯ ತೊಗಲಿನಂಥವು. ಗದ್ದೆಯವರ ಶೆಡ್ಡಿನ ಹಿಂದೆ ಬಿದ್ದಿದ್ದವಂತೆ. ಅವ್ವ ಹಳದಿ ಚೀಲವನ್ನು ಹಿಚುಕಿ ಕಿವಿಗೆ ಹಿಡಿದಳು. ತೆಳ್ಳನೆಯದಾದರೆ ಚರಚರ ಅನ್ನುತ್ತದೆ, ಇದು ಅನ್ನಲಿಲ್ಲ. ಬಿಸಿಲಿಗೆ ಹಿಡಿದಳು. ಬೆಳಕಿನ ಒಂದು ಚುಕ್ಕಿಯೂ ಇಲ್ಲ. ಅವಳ ಕಣ್ಣು ಹೊಳೆದದ್ದು ನನಗೆ ಈಗಲೂ ಕಾಣುತ್ತದೆ. ಆದರೂ ಕೆಳಗಿಟ್ಟಳು. ಬೆಳೆಗೆ ಹೊಡೆಯುವ ವಿಷದ ಚೀಲವನ್ನು ಅವಳು ಯಾವತ್ತೂ ಮುಟ್ಟಿದವಳಲ್ಲ. ಅಪ್ಪ ಬಲೆ ತೊಳೆಯಲು, ಅಮ್ಮ ಕಟ್ಟಿಗೆಗೆ ಹೋಗಿದ್ದರು. ಅಮರೇಶ ನಿದ್ದೆ ಹೋಗಿದ್ದ. ಎಚ್ಚರವಿದ್ದವರು ನಾವಿಬ್ಬರೇ.

"ಹುಲಿಗೆವ್ವ, ಬಾ ಇಲ್ಲಿ. ಇಂಥಾ ಚೀಲ ನಾ ನೋಡಿಲ್ಲ. ಏನ್ ಬರದೈತಿ ಓದು."

ಕನ್ನಡ ಎಲ್ಲೂ ಇರಲಿಲ್ಲ. ತೆಲುಗಿನ ದುಂಡು ಅಕ್ಷರ, ಇಂಗ್ಲಿಷ್, ಮೂಲೆಯಲ್ಲಿ ಒಂದು ಚೌಕ, ಅದರೊಳಗೆ ಕೆಂಪು ಅಕ್ಷರ. ತಲೆಬುರುಡೆಯ ಚಿತ್ರ ಇದ್ದಿದ್ದರೆ ಅವ್ವನಿಗೇ ತಿಳಿಯುತ್ತಿತ್ತು, ಇರಲಿಲ್ಲ. ನಾನು ಬೆರಳಿಟ್ಟು ಓದಿದೆ.

"ಪಿ. ಓ. ಐ. ಎಸ್. ಓ. ಎನ್."

ಒಂದೂ ತಪ್ಪಿರಲಿಲ್ಲ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು.

"ಹಂಗಂದ್ರ?"

ಗೊತ್ತಿಲ್ಲ ಅನ್ನುವುದು ಒಂದೇ ಮಾತು. ಅದನ್ನು ಅನ್ನಲು ನನಗೆ ಆಗಲಿಲ್ಲ. ಆ ಮುಖದಲ್ಲಿದ್ದ ನಂಬಿಕೆ ಇಳಿದುಹೋಗುತ್ತದಲ್ಲ ಅನ್ನುವುದಷ್ಟೇ ತಲೆಯಲ್ಲಿತ್ತು.

"ಗೊಬ್ಬರ" ಅಂದೆ.

"ಖರೇನ?"

"ಖರೇನ ಬೇ. ಸಾಲ್ಯಾಗ ಹೇಳ್ಯಾರ."

ಅವ್ವ ಚೀಲವನ್ನು ಎರಡು ಸಲ ತೊಳೆದಳು. ಮೂಲೆಯ ಮಡಿಕೆ ಒಳಗೊಳಗೇ ಅಂಟಿಕೊಂಡಿತ್ತು, ಅಲ್ಲಿಯವರೆಗೆ ನೀರು ಹೋಯಿತೋ ಇಲ್ಲವೋ. ಹಳದಿ ಎರಡನ್ನೂ ಜೋಡಿಸಿ ಅಪ್ಪನಿಗೆ ಕೊಪ್ಪಿ ಹೊಲಿದಳು. ಅಮ್ಮ ಬೂದಿ ಹರವಿದಳು. ಎಮ್ಮೆ ಬಂದವು, ಮುಸುರೆ ಕುಡಿದವು, ಅಮ್ಮ ಬಾಗಿ ನೋಡಿದಳು. ಬೂದಿ ಹರವಿದಂತೆಯೇ ಇತ್ತು. ಅವಳು ಏನೂ ಅನ್ನದೆ ಬಳಿದುಕೊಂಡು ಹೋದಳು. ಆವತ್ತು ಅವ್ವ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ಏನೋ ಹಾಡಿಕೊಂಡು ರೊಟ್ಟಿ ಬಡಿದಳು.

ಹುಬ್ಬಿ ಮಳೆಯ ಎರಡನೆಯ ದಿನ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಜೊತೆ ಬಲೆ ಹಾಕುತ್ತಿದ್ದ ಖಾಜಾಸಾಬ ಕಾಕಾ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಅಂಗಳಕ್ಕೆ ಬಂದ. ಅಪ್ಪನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮಳೆಯಲ್ಲೂ ಮೈ ಬೆವೆತಿತ್ತು, ಕೈಕಾಲಿನ ಮಾಂಸ ತಾನಾಗಿ ಮಿಡಿಯುತ್ತಿತ್ತು.

"ರೊಟ್ಟಿ ತಿಂದಾನ, ಬೀಡಿ ಸೇದ್ಯಾನ, ಅಷ್ಟ ನೋಡವ್ವ. ಆಮ್ಯಾಲ ತಲಿ ತಿರಗತೈತಿ ಅಂದ. ಯಾ ಅಲ್ಲಾ, ಹರಗೋಲದಾಗ ಬಿದ್ದ. ಟೆಂಪೋ ನಿಂತೈತಿ, ನಡೀರಿ."

ಅಮರೇಶನನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಸಿಂಧನೂರಿನ ದವಾಖಾನೆಗೆ ಅವ್ವ, ಅಮ್ಮ, ನಾನು ಮೂವರೂ ಹೋದೆವು. ನನ್ನನ್ನು ಯಾಕೆ ಒಯ್ದರು ಅಂದರೆ, ಅಲ್ಲಿ ಬೋರ್ಡು ಓದುವವರು ಬೇಕಲ್ಲ. ಡಾಕ್ಟರು ಅಪ್ಪನ ಕಣ್ಣಿನ ಪಾಪೆಗೆ ಬ್ಯಾಟರಿ ಹಿಡಿದು ನೋಡಿ, ಇವನು ಯಾವ ವಿಷ ಮುಟ್ಟಿದ್ದಾನೆ ಎಂದು ಕೇಳಿದರು. ಯಾರಿಗೂ ಗೊತ್ತಿಲ್ಲ. ಖಾಜಾಸಾಬ ಕಾಕಾ ಟೆಂಪೋದಿಂದ ಕೊಪ್ಪಿ ತಂದು ತೋರಿಸಿದ. ಕಂಪೌಂಡರ್ ಅದನ್ನು ಬಿಡಿಸಿ, ಕೆಂಪು ಅಕ್ಷರ ನೋಡಿದವನೇ ಕೈ ಹಿಂದಕ್ಕೆ ತೆಗೆದ.

"ವಿಷ ಅಂತ ಇಷ್ಟ ಚೊಲೋ ಬರದಾರಲ್ಲ. ಯಾರು ಹೊಲದಾರ ಇದನ್ನ?"

"ನಾನ್ರಿ" ಅಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಕೇಳಿದಳು ಅಷ್ಟೇ.

"ಇದನ್ನ ನೀನ ಓದಿದ್ದಿಯಲ್ಲ ಬೇ? ಗೊಬ್ಬರ ಅಂದಿದ್ದಿ."

ಅಮ್ಮ ನನ್ನನ್ನು ನೋಡುತ್ತಿದ್ದಳು. ಕಂಪೌಂಡರ್ ನೋಡುತ್ತಿದ್ದ. ಮೊದಲ ಸುಳ್ಳು ಹುಡುಗಬುದ್ಧಿಯದು. ಅದಕ್ಕೆ ನನ್ನನ್ನು ನಾನು ಎಂದೋ ಕ್ಷಮಿಸಿದ್ದೇನೆ. ಎರಡನೆಯದನ್ನು ಕ್ಷಮಿಸಲಾಗಿಲ್ಲ.

"ಅದಲ್ಲ ಬೇ. ನಾ ಓದಿದ್ದು ಬಿಳಿ ಚೀಲ."

"ಬಿಳಿದೇನ?" ಅವ್ವ ತನ್ನ ಎರಡೂ ಕೈ ನೋಡಿಕೊಂಡಳು. ಓದಿದ ಮಗಳು ಹೇಳಿದ ಮೇಲೆ ಓದದ ಕಣ್ಣಿಗೆ ಏನು ಬೆಲೆ? "ಹೌದ್ರಿ" ಎಂದು ಡಾಕ್ಟರಿಗೆ ಹೇಳಿದಳು, "ಚೀಲ ಕಲಸಿಬಿಟ್ಟೀನಿ. ನಂದ ತಪ್ಪು."

ಅಪ್ಪ ಉಳಿದ. ವಾರದ ಮೇಲೆ ಮನೆಗೆ ಬಂದ, ಬಹಳ ವರ್ಷ ಬಾಳಿದ, ಕೊನೆಗೆ ಮುಪ್ಪಿನಲ್ಲಿ ನಿದ್ದೆಯಲ್ಲೇ ಹೋದ. ಅವನಿಗೆ ಯಾರ ಮೇಲೂ ದೂರಿರಲಿಲ್ಲ. ಅವ್ವ ಮಾತ್ರ ಉಳಿಯಲಿಲ್ಲ ಅನ್ನಬೇಕು. ದವಾಖಾನೆಯಿಂದ ಬಂದ ದಿನವೇ ದಬ್ಬಳವನ್ನು ಜಂತಿಯ ಸಂದಿಗೆ ಚುಚ್ಚಿದಳು. ಮತ್ತೆ ತೆಗೆಯಲಿಲ್ಲ. ಕಟ್ಟೆಗೆ ಚೀಲ ಹಿಡಿದು ಬರುವವರೂ ನಿಂತರು. ಅಮ್ಮ ಗೂಟದಿಂದ ಹಳೆಯ ಕಂಬಳಿ ಇಳಿಸಿ ಅಪ್ಪನಿಗೆ ಕೊಟ್ಟಳು. ಅದು ತೊಯ್ದು ಭಾರವಾಗಿ ಅಪ್ಪ ಮಳೆಯ ದಿನಗಳಲ್ಲಿ ನೀರಿಗೆ ಇಳಿಯುವುದನ್ನೇ ಬಿಟ್ಟ. ಮೀನು ಸಿಗುವ ದಿನಗಳೇ ಅವು. ಆ ಕೊರತೆ ತುಂಬಲು ಅವ್ವ ಅದೇ ಕ್ಯಾಂಪಿನ ಗದ್ದೆಗೆ ಭತ್ತದ ನಾಟಿಗೆ ಹೋದಳು. ಮಳೆಯಲ್ಲಿ, ತಲೆಗೆ ಏನೂ ಇಲ್ಲದೆ. ನನ್ನ ಕಾಲೇಜು ಆದದ್ದು ಆ ಕೆಸರಿನಿಂದ.

ಅದಕ್ಕಿಂತ ಹೆಚ್ಚಾಗಿ ಅವಳು ತನ್ನ ಕಣ್ಣನ್ನೇ ನಂಬುವುದು ಬಿಟ್ಟಳು. ಅಕ್ಕಿಯಲ್ಲಿ ಕಲ್ಲು ಆರಿಸಿ "ಒಮ್ಮೆ ನೋಡ್ರಿ ಅತ್ತಿ" ಎಂದು ಮೊರ ಒಡ್ಡುವಳು. ಬಸ್ಸಿನ ಬಣ್ಣ ಗುರುತಿದ್ದರೂ ನಾಲ್ಕು ಜನರನ್ನು ಕೇಳಿ ಹತ್ತುವಳು. "ಚೀಲ ಕಲಸಿದಾಕಿ ನಾ" ಎಂದು ನಗುತ್ತಲೇ ಅನ್ನುವಳು. ಏಳನೆಯ ಕ್ಲಾಸಿನಲ್ಲಿ ಪಾಠದ ನಡುವೆ ಆ ಆರಕ್ಷರದ ಪದ ಬಂತು. ಅರ್ಥ ಯಾರಿಗೆ ಗೊತ್ತು ಎಂದು ಮಾಸ್ತರು ಕೇಳಿದರು. ಇಡೀ ವರ್ಗದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಶಾಭಾಸ್ ಅಂದರು. ಮುಂದೆ ಡಿಗ್ರಿಯ ಕಾಗದ ಮನೆಗೆ ತಂದಾಗ ಅವ್ವ ಅದನ್ನು ಸೆರಗಿನಿಂದ ಒರೆಸಿ, ಓದು ಅಂದಳು. ಓದಿದೆ. ನಂಬಿದಳು.

ಸಿಂಧನೂರಿನಿಂದ ತಂದ ಮಳೆ ಅಂಗಿಯನ್ನು ಹಿಡಿದು ನಾನು ಆವತ್ತೇ ಊರಿಗೆ ಹೋದೆ. ಅಮರೇಶ ಡ್ಯಾಮಿಗೆ ಹೋಗಿದ್ದ. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೆ ಬೂದಿಯ ಪದ್ಧತಿ ಉಳಿದಿದೆ. ಈಗ ಅದನ್ನು ಹರವುವವಳು ಅವ್ವ. ಅಂಗಿಯ ಎರಡೂ ತೋಳಿನ ಬಾಯಿ ಕಟ್ಟಿ, ಜಂತಿಗೆ ತೂಗುಹಾಕಿ, ತೋಳಿನೊಳಗೆ ನೀರು ಸುರಿದೆವು. ನಾವಿಬ್ಬರೂ ಗೋಡೆಗೆ ಒರಗಿ ಕೂತು ಶೇಂಗಾ ಸುಲಿದೆವು. ಬಹಳ ಹೊತ್ತಿನ ಮೇಲೆ ಅವ್ವ ಮೊಣಕಾಲು ಹಿಡಿದುಕೊಂಡು ಬಾಗಿ ಬೂದಿ ನೋಡಿದಳು.

"ಕಂಕಳದ ಹೊಲಿಗಿ ಕೆಳಗ ಒಂದ ಹನಿ ಬಿದ್ದಂಗ ಐತಿ. ನೀ ನೋಡು. ನನ್ನ ಕಣ್ಣಿಂದು ಗೊತ್ತೈತಲ್ಲ, ಚೀಲ ಕಲಸಿದಾಕಿ."

ನೋಡಿದೆ. ಒಂದೇ ಕುಳಿ, ಸಾಸಿವೆ ಕಾಳಿನಷ್ಟು. ನನ್ನ ಕನ್ನಡಕಕ್ಕೂ ಕಷ್ಟಪಟ್ಟು ಕಂಡದ್ದು ಅವಳ ಕಣ್ಣಿಗೆ ಕಂಡಿತ್ತು.

"ಯವ್ವಾ" ಅಂದೆ, "ನೀ ಚೀಲ ಕಲಸಿರಲಿಲ್ಲ. ನಾ ಅವತ್ತ ಓದಿದ್ದು ಹಳದಿದ್ನ. ನನಗ ಅರ್ಥ ಗೊತ್ತಿರಲಿಲ್ಲ. ದವಾಖಾನ್ಯಾಗ ಸುಳ್ಳ ಹೇಳಿದ್ನಿ."

ಅವ್ವ ಬೂದಿಯ ಆ ಕುಳಿಯನ್ನೇ ನೋಡುತ್ತ ಕೂತಳು. ಜಂತಿಯಲ್ಲಿ ತುಕ್ಕು ಹಿಡಿದ ದಬ್ಬಳ ಇನ್ನೂ ಇತ್ತು. ನಾನು ಅದನ್ನು ನೋಡದಿರಲು ಶೇಂಗಾದ ಬುಟ್ಟಿ ನೋಡಿದೆ.

"ಹಂಗಾರ ನನ್ನ ಕಣ್ಣು ನೆಟ್ಟಗಿದ್ವು" ಅಂದಳು.

"ಹೌದ ಬೇ."

"ನಿಮ್ಮಮ್ಮ ಇದ್ದಾಗ ಹೇಳಬೇಕಿತ್ತು. ಸಾಯೋ ಮುಂದ ನಾ ಕೊಟ್ಟ ನೀರ ಮೂಸಿ ನೋಡಿ ಕುಡದಾಳ ಆಕಿ."

ಹೋಗಲಿ ಬಿಡು ಅನ್ನುತ್ತಾಳೆ ಎಂದು ಕಾದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಎಲ್ಲದಕ್ಕೂ ಆ ಮಾತು ಅಂದವಳು ಅವಳು. ಅನ್ನಲಿಲ್ಲ. ಗೂಡಿನಲ್ಲಿ ಮೇಣದಬತ್ತಿ ಐತಿ, ತಗೊಂಡು ಬಾ ಅಂದಳು. ತಂದೆ. ಹಚ್ಚಿ ಅವಳ ಕೈಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

"ನೀ ಹನಸು. ನಾ ತೋರಸ್ತೀನಿ."

ನೀರು ಚೆಲ್ಲಿ, ತೋಳು ತಿರುವಿ ಒರೆಸಿ, ಅವಳು ಬೆರಳು ತೋರಿಸಿದ ಕಡೆ ಮೇಣ ಹನಿಸಿದೆ. ಹೆಬ್ಬೆರಳಿನಿಂದ ತಿಕ್ಕುವಾಗ ಸುಟ್ಟಿತು. ತಿಕ್ಕು, ನಿಲ್ಲಬ್ಯಾಡ, ಆರಿದರ ಹಿಡಿಯಂಗಿಲ್ಲ ಅಂದಳು. ತಿಕ್ಕಿದೆ. ಎಷ್ಟೋ ವರ್ಷಗಳ ಮೇಲೆ ಅವಳ ದನಿಯಲ್ಲಿ ಕಟ್ಟೆಯ ಮೇಲಿನ ಆ ಹಳೆಯ ದನಿ ಕೇಳಿತು, ಅದೂ ನನ್ನ ಮೇಲೆ.

"ಇನ್ನ ಆ ಚೀಟಿ ಓದು."

ಕುತ್ತಿಗೆಯ ಚೀಟಿಯನ್ನು ಬೆಳಕಿಗೆ ಹಿಡಿದು ಒಂದೊಂದನ್ನೇ ಓದಿ, ಕನ್ನಡದಲ್ಲಿ ಹೇಳಿದೆ. ನೈಲಾನ್ ಬಟ್ಟೆ. ತಣ್ಣೀರಿನಲ್ಲಿ ತೊಳೆಯಬೇಕು. ಇಸ್ತ್ರಿ ಮಾಡಬಾರದು. ಒಳಮಗ್ಗುಲಿಗೆ ಬಳಿದ ಲೇಪದ ಹೆಸರು ಬಂತು, ಉದ್ದನೆಯ ಹೆಸರು. ಅಂಗಡಿಯಲ್ಲಿ ಅದನ್ನು ತೊದಲದೆ ಓದಿ ಅಂಗಡಿಯವನನ್ನು ಬೆರಗಾಗಿಸಿದ್ದೆ. ಈಗಲೂ ತೊದಲದೆ ಓದಿದೆ.

"ಹಂಗಂದ್ರ?" ಅಂದಳು ಅವ್ವ. ನನ್ನ ಬಾಯನ್ನೇ ನೋಡುತ್ತಿದ್ದಳು.

ಒಂದು ನಮೂನೆಯ ರಬ್ಬರು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಜವೂ ಇರಬಹುದಿತ್ತು.

"ಗೊತ್ತಿಲ್ಲ ಬೇ" ಅಂದೆ.

ಅವ್ವ ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು.

"ಗೊತ್ತಿದ್ದವರನ್ನ ಕೇಳಿ ಬಂದ ಹೇಳು. ಅಲ್ಲೀತನ ನನ್ನ ಮಗ ಇದನ್ನ ಹಾಕ್ಕೊಳ್ಳಂಗಿಲ್ಲ."